ಹುಳಿತೇಗಿಗೆ ಅನ್ನನಾಳದ ಉಂಗುರ: ಮುದ್ದೆ ನುಂಗುವ ಸೀಮೆಯವರು ಆಪರೇಷನ್‌ಗೆ ಮುಂಚೆಯೂ ಆಮೇಲೂ ತಿಳಿದಿರಬೇಕಾದದ್ದು

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಕಡೆ ಮುದ್ದೆಯನ್ನು ಯಾರೂ ಅಗಿಯುವುದಿಲ್ಲ. ಮುರಿದು, ಸಾರಿನಲ್ಲಿ ಹೊರಳಿಸಿ, ಹಾಗೇ ನುಂಗುತ್ತಾರೆ. ಅನ್ನನಾಳದ ತುದಿಗೆ ಮ್ಯಾಗ್ನೆಟ್ ಉಂಗುರ ಹಾಕಿಸಿಕೊಂಡವರಿಗೆ ಮೊದಲ ಕೆಲವು ತಿಂಗಳು ತೊಡಕಾಗುವುದು ಇಲ್ಲೇ. ಈ ಆಪರೇಷನ್‌ನಲ್ಲಿ ಸರ್ಜನ್ ಮಾಡುವ ಕೆಲಸ ಒಂದೆರಡು ಗಂಟೆಯದು. ಉಳಿದದ್ದನ್ನು ರೋಗಿ ತಟ್ಟೆಯ ಮುಂದೆ ಕೂತು ಮಾಡಬೇಕು. ಅದಕ್ಕೇ ಇಲ್ಲಿ ಊಟದ ವಿಷಯ ಹೆಚ್ಚು, ಕತ್ತರಿಯ ವಿಷಯ ಕಡಿಮೆ.

ಉಂಗುರ ಏನು ಮಾಡುತ್ತದೆ

ಅನ್ನನಾಳ ಹೊಟ್ಟೆಗೆ ಸೇರುವ ಕಡೆ ಒಂದು ಬಿಗಿಯುವ ಸ್ನಾಯು ಇದೆ. ನುಂಗಿದಾಗ ಸಡಿಲವಾಗಿ ಊಟವನ್ನು ಕೆಳಗೆ ಬಿಡುತ್ತದೆ, ಆಮೇಲೆ ಮುಚ್ಚಿಕೊಳ್ಳುತ್ತದೆ. ಅದು ಸೊರಗಿದರೆ, ಅಥವಾ ಹೊಟ್ಟೆಯ ಮೇಲ್ಭಾಗ ವಪೆಯ (ಎದೆ, ಹೊಟ್ಟೆಯ ನಡುವಿನ ಸ್ನಾಯುವಿನ ಪರದೆ) ಕಿಂಡಿಯಿಂದ ಎದೆಯ ಕಡೆ ಜಾರಿದರೆ, ಆಸಿಡ್ ಮೇಲಕ್ಕೆ ಬರುತ್ತದೆ, ಅದೇ ರಿಫ್ಲಕ್ಸ್. ಹೊಟ್ಟೆ ಹೀಗೆ ಜಾರುವುದನ್ನೇ ಹಯಾಟಸ್ ಹರ್ನಿಯಾ ಅನ್ನುತ್ತಾರೆ. ಎದೆ ಉರಿ, ಹುಳಿತೇಗು, ಬಗ್ಗಿದರೆ ಬಾಯಿಗೆ ಬರುವ ಹುಳಿನೀರು, ರಾತ್ರಿ ಕೆಮ್ಮು ಇವೆಲ್ಲ ಅಲ್ಲಿಂದಲೇ.

ಲಿಂಕ್ಸ್ ಎಂಬ ಹೆಸರಿನ ಉಂಗುರ ಟೈಟೇನಿಯಂ ಮಣಿಗಳ ಸರ. ಪ್ರತಿ ಮಣಿಯ ಒಳಗೂ ಮ್ಯಾಗ್ನೆಟ್ ಇದೆ, ಮಣಿಮಣಿಗೆ ಟೈಟೇನಿಯಂ ತಂತಿಯ ಕೊಂಡಿ. ಇದನ್ನು ಅನ್ನನಾಳದ ಹೊರಗಡೆ, ಸ್ನಾಯು ಇರುವ ಜಾಗಕ್ಕೇ ಸುತ್ತಿ ಜೋಡಿಸುತ್ತಾರೆ. ಸುಮ್ಮನಿದ್ದಾಗ ಮಣಿಗಳು ಒಂದನ್ನೊಂದು ಎಳೆದುಕೊಂಡು ಸ್ನಾಯುವಿಗೆ ಆಸರೆಯಾಗುತ್ತವೆ. ನುಂಗಿದ ಒತ್ತಡಕ್ಕೆ ಬೇರಾಗಿ ದಾರಿ ಬಿಡುತ್ತವೆ, ತುತ್ತು ದಾಟಿದ ಮೇಲೆ ಮತ್ತೆ ಕೂಡುತ್ತವೆ. ತೇಗಿದರೂ ವಾಂತಿಯಾದರೂ ಉಂಗುರ ಹೀಗೇ ತೆರೆದುಕೊಳ್ಳುತ್ತದೆ. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಇದಕ್ಕೆ 2012ರ ಮಾರ್ಚ್‌ನಲ್ಲಿ ಒಪ್ಪಿಗೆ ಕೊಟ್ಟಿತು.

ಉಂಗುರ ಆಸಿಡ್ಡನ್ನು ಕಡಿಮೆ ಮಾಡುವುದಿಲ್ಲ, ದಾರಿ ಮಾತ್ರ ತಡೆಯುತ್ತದೆ. ಹೊಟ್ಟೆಹುಣ್ಣು, ಜಠರದ ಉರಿಯೂತ, ಎಚ್ ಪೈಲೋರಿ ಎಂಬ ಬ್ಯಾಕ್ಟೀರಿಯಾದ ಸೋಂಕು ಇದ್ದರೆ ಅವಕ್ಕೆ ಬೇರೆಯೇ ಔಷಧಿ ಬೇಕು. ನಮ್ಮಲ್ಲಿ ಹೊಟ್ಟೆ ಉಬ್ಬರದಿಂದ ಹಿಡಿದು ಎದೆನೋವಿನವರೆಗೆ ಎಲ್ಲಕ್ಕೂ ‘ಗ್ಯಾಸ್ಟ್ರಿಕ್’ ಎಂಬ ಒಂದೇ ಹೆಸರು. ಬರೀ ಉಬ್ಬರ ಇರುವವರಿಗೆ ಈ ಆಪರೇಷನ್‌ನಿಂದ ಲಾಭವಿಲ್ಲ. ನಡೆದರೆ ಹೆಚ್ಚಾಗುವ, ಎಡಗೈಗೋ ದವಡೆಗೋ ಹರಿಯುವ, ಬೆವರು ತರಿಸುವ ಎದೆನೋವು ಇದ್ದರೆ ಮೊದಲು ಇಸಿಜಿ.

ಅನ್ನನಾಳಕ್ಕೆ ಉಂಗುರ ಹಾಕುವ ಯೋಚನೆ ಹಳೆಯದು. 1979ರಲ್ಲಿ ಆಂಜೆಲ್ಚಿಕ್ ಎಂಬ ಸಿಲಿಕೋನ್ ಪಟ್ಟಿ ಬಂತು. ಅದು ಜಾಗ ಬಿಟ್ಟು ಸರಿಯಿತು, ಕೆಲವರಲ್ಲಿ ಅನ್ನನಾಳವನ್ನೇ ಕೊರೆಯಿತು, ಕೊನೆಗೆ ಸರ್ಜನ್‌ಗಳೇ ಕೈಬಿಟ್ಟರು. ಹಳೆಯ ಸರ್ಜನ್‌ಗಳು ಉಂಗುರ ಎಂದೊಡನೆ ಮುಖ ಸಿಂಡರಿಸಿದರೆ ಅದಕ್ಕೆ ಈ ಹಿನ್ನೆಲೆ ಇದೆ. ಈಗಿನ ಉಂಗುರ ತಾನೇ ಹಿಗ್ಗಿ ಕುಗ್ಗುವಂಥದ್ದು, ಫಲಿತಾಂಶವೂ ಬೇರೆ. ಆದರೂ ಒಳಗೆ ಉಳಿಯುವ ಲೋಹವೆಂಬುದನ್ನು ಮರೆಯಬಾರದು.

ಯಾರಿಗೆ ಆಗಿಬರುತ್ತದೆ

ಮಾತ್ರೆ ತೆಗೆದುಕೊಂಡಾಗ ಉರಿ ಕಡಿಮೆಯಾಗಿ, ಹುಳಿನೀರು ಮಾತ್ರ ಬಾಯಿಗೆ ಬರುತ್ತಲೇ ಇರುವವರಿಗೆ ಇದು ಚೆನ್ನಾಗಿ ಆಗಿಬರುತ್ತದೆ. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಜಾತಿಯ ಮಾತ್ರೆಗಳು ಆಸಿಡ್‌ನ ಖಾರವನ್ನು ಇಳಿಸುತ್ತವೆಯೇ ಹೊರತು ಮೇಲೆ ಬರುವ ನೀರನ್ನು ನಿಲ್ಲಿಸುವುದಿಲ್ಲ. 2019ರಲ್ಲಿ ಪ್ರಕಟವಾದ ಹೋಲಿಕೆ ಅಧ್ಯಯನವೊಂದರಲ್ಲಿ ಆರು ತಿಂಗಳ ಹೊತ್ತಿಗೆ ಉಂಗುರ ಹಾಕಿಸಿಕೊಂಡವರಲ್ಲಿ 89 ಶೇಕಡಾ ಮಂದಿಗೆ ಹುಳಿನೀರು ಬರುವುದು ತಹಬಂದಿಗೆ ಬಂತು. ಅದೇ ಮಾತ್ರೆಯನ್ನು ದಿನಕ್ಕೆರಡು ಸಲ ತೆಗೆದುಕೊಂಡವರಲ್ಲಿ ಹಾಗಾದದ್ದು 10 ಶೇಕಡಾ ಮಂದಿಗೆ. ಇದಕ್ಕೆ ತದ್ವಿರುದ್ಧವಾಗಿ, ಮಾತ್ರೆಗೆ ಒಂದಿಷ್ಟೂ ಬಗ್ಗದ ಉರಿ ಎಷ್ಟೋ ಸಲ ಆಸಿಡ್‌ನದ್ದೇ ಆಗಿರುವುದಿಲ್ಲ. ಅಂಥವರು ಪರೀಕ್ಷೆ ಮುಗಿಯುವ ತನಕ ಆಪರೇಷನ್ನಿನ ಹೆಸರೆತ್ತಬಾರದು.

ಟೈಟೇನಿಯಂ, ಸ್ಟೀಲ್, ನಿಕ್ಕಲ್, ಕಬ್ಬಿಣದ ಅಲರ್ಜಿ ಇದ್ದವರಿಗೆ ಉಂಗುರ ಹಾಕುವಂತಿಲ್ಲ. ಅಗ್ಗದ ಕಿವಿಯೋಲೆ, ಗಡಿಯಾರದ ಬಕಲ್, ಪ್ಯಾಂಟಿನ ಗುಂಡಿ ತಾಗಿದ ಜಾಗದಲ್ಲಿ ತುರಿಕೆಯೆದ್ದು ಚರ್ಮ ಒಡೆಯುತ್ತಿದ್ದರೆ ಅದು ನಿಕ್ಕಲ್ ಅಲರ್ಜಿ ಇರಬಹುದು. ವೈದ್ಯರು ಕೇಳದಿದ್ದರೂ ನೀವೇ ಹೇಳಿ. ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ) 35 ದಾಟಿದ್ದರೆ ತೂಕ ಇಳಿಸುವ ಬೈಪಾಸ್ ಆಪರೇಷನ್ನೇ ರಿಫ್ಲಕ್ಸ್‌ಗೂ ಒಳ್ಳೆಯದು ಎನ್ನುವ ಸರ್ಜನ್‌ಗಳು ಹೆಚ್ಚು.

ಉಂಗುರ ಎಲ್ಲ ಆಸ್ಪತ್ರೆಯಲ್ಲೂ ಸಿಗುವ ವಸ್ತುವಲ್ಲ. ನಮ್ಮ ದೇಶದಲ್ಲಿ ರಿಫ್ಲಕ್ಸ್‌ಗೆ ಮಾಡುವ ಆಪರೇಷನ್ ಎಂದರೆ ಬಹುಪಾಲು ಫಂಡೊಪ್ಲಿಕೇಶನ್. ಹೊಟ್ಟೆಯ ಮೇಲ್ಭಾಗವನ್ನೇ ಅನ್ನನಾಳದ ಸುತ್ತ ಮಡಚಿ ಹೊಲಿಯುತ್ತಾರೆ. ಪೂರ್ತಿ ಸುತ್ತಿದರೆ ನಿಸೆನ್, 270 ಡಿಗ್ರಿ ಸುತ್ತಿದರೆ ಟೂಪೆ. ಹೊರಗಿನ ಲೋಹ ಬೇಕಿಲ್ಲ, ಅನುಭವ ಎಪ್ಪತ್ತು ವರ್ಷದ್ದು. ತೊಂದರೆಯೆಂದರೆ ಪೂರ್ತಿ ಸುತ್ತಿದವರಲ್ಲಿ ಕೆಲವರಿಗೆ ತೇಗು ಬರುವುದಿಲ್ಲ, ಹೊಟ್ಟೆ ಉಬ್ಬುತ್ತದೆ. ಸರ್ಜನ್‌ರ ಮುಂದೆ ಮೂರು ಪ್ರಶ್ನೆ ಇಡಿ: ನನಗೆ ಯಾವುದು, ಯಾಕೆ, ವರ್ಷಕ್ಕೆ ನೀವು ಎಷ್ಟು ಮಾಡುತ್ತೀರಿ. ಮೂರನೆಯದಕ್ಕೆ ಬೇಸರ ಪಟ್ಟುಕೊಳ್ಳುವವರ ಬಳಿ ಉಂಗುರವೂ ಬೇಡ, ಹೊಲಿಗೆಯೂ ಬೇಡ.

ಪರೀಕ್ಷೆ ಮುಗಿಯದೆ ಟೇಬಲ್ ಹತ್ತಬೇಡಿ

ನಾಲ್ಕು ಪರೀಕ್ಷೆಗಳಾಗಬೇಕು. ಎಂಡೋಸ್ಕೋಪಿ ಅನ್ನನಾಳದ ಹುಣ್ಣು, ಹರ್ನಿಯಾ, ಒಳಪದರದ ಬದಲಾವಣೆಯನ್ನು ನೋಡುತ್ತದೆ. ಬೇರಿಯಂ ಕುಡಿಸಿ ತೆಗೆಯುವ ಎಕ್ಸ್‌ರೇಯಲ್ಲಿ ಹರ್ನಿಯಾದ ಆಕಾರ ಗೊತ್ತಾಗುತ್ತದೆ. ಇವೆರಡೂ ಜಿಲ್ಲಾ ಕೇಂದ್ರದ ಮಟ್ಟದಲ್ಲೇ ಆಗುತ್ತವೆ. ಅನ್ನನಾಳದ ಬಲ ಅಳೆಯುವ ಮ್ಯಾನೊಮೆಟ್ರಿ ಮತ್ತು ಮೇಲೆ ಬರುವ ಆಸಿಡ್ ಅಳೆಯುವ ಪಿಎಚ್ ಪರೀಕ್ಷೆಗೆ ಸಾಮಾನ್ಯವಾಗಿ ಬೆಂಗಳೂರಿನ ದೊಡ್ಡ ಗ್ಯಾಸ್ಟ್ರೋ ವಿಭಾಗಗಳಿಗೇ ಹೋಗಬೇಕಾಗುತ್ತದೆ. ಹೊರಡುವ ಮುಂಚೆ ಫೋನ್ ಮಾಡಿ ದಿನ ಗೊತ್ತು ಮಾಡಿಕೊಳ್ಳಿ.

ಮ್ಯಾನೊಮೆಟ್ರಿಯಲ್ಲಿ ಮೂಗಿನಿಂದ ಸಣ್ಣ ನಳಿಕೆ ಇಳಿಸಿ, ಒಂದೊಂದೇ ಗುಟುಕು ನೀರು ಕುಡಿಸಿ, ಅನ್ನನಾಳ ಎಷ್ಟು ಬಲವಾಗಿ ತಳ್ಳುತ್ತದೆ ಎಂದು ಅಳೆಯುತ್ತಾರೆ. ಇದನ್ನು ಬಿಟ್ಟು ಆಪರೇಷನ್ ಮಾಡುವುದು ಅಪಾಯ. ಉಂಗುರವನ್ನು ತೆರೆಯಬೇಕಾದದ್ದು ಅನ್ನನಾಳದ ತಳ್ಳುವ ಬಲವೇ. ಆ ಬಲವೇ ಇಲ್ಲದವರಿಗೆ, ಅಥವಾ ನುಂಗಿದಾಗ ಸ್ನಾಯು ಸಡಿಲವಾಗದ ಅಕಲೇಸಿಯಾ ಎಂಬ ಕಾಯಿಲೆ ಇದ್ದವರಿಗೆ ಉಂಗುರ ಹಾಕಿದರೆ ತಿಂದದ್ದೆಲ್ಲ ಮೇಲೆಯೇ ನಿಲ್ಲುತ್ತದೆ. ಅಕಲೇಸಿಯಾದಲ್ಲೂ ಎದೆ ಉರಿ, ಹುಳಿ ಬರುವುದು ಇರುತ್ತದಾದ್ದರಿಂದ ಲಕ್ಷಣ ನೋಡಿ ಬೇರ್ಪಡಿಸುವುದು ಕಷ್ಟ.

ಪಿಎಚ್ ಪರೀಕ್ಷೆಯಲ್ಲಿ ನಳಿಕೆ 24 ಗಂಟೆ ಮೂಗಿನಲ್ಲೇ ಇರುತ್ತದೆ, ಸೊಂಟಕ್ಕೆ ಒಂದು ಪೆಟ್ಟಿಗೆ. ಮಾತ್ರೆ ನಿಲ್ಲಿಸಿ ಮಾಡುವುದಾದರೆ ಆಸಿಡ್ ಮಾತ್ರೆಯನ್ನು 7 ದಿನ ಮುಂಚೆ ಬಿಡಬೇಕು. ಆ ವಾರ ಉರಿ ಜೋರಾಗಿರುತ್ತದೆ. ನಡುವೆ ಯಾವುದನ್ನು ತೆಗೆದುಕೊಳ್ಳಬಹುದು, ಎಂದಿಗೆ ಅದನ್ನೂ ನಿಲ್ಲಿಸಬೇಕು ಎಂದು ಮೊದಲೇ ಕೇಳಿಟ್ಟುಕೊಳ್ಳಿ. ಪರೀಕ್ಷೆಯ ದಿನ ಬಹಳ ಜನ ನಳಿಕೆಗೆ ಹೆದರಿ ಉಪವಾಸ ಇರುತ್ತಾರೆ, ಇಲ್ಲವೇ ಬರೀ ಗಂಜಿ ಕುಡಿಯುತ್ತಾರೆ. ಆಗ ಆಸಿಡ್ ಮೇಲೆ ಬರುವುದೇ ಕಡಿಮೆಯಾಗಿ ವರದಿ ಸುಳ್ಳು ಹೇಳುತ್ತದೆ. ಅವತ್ತು ಎಂದಿನ ಊಟವನ್ನೇ ಮಾಡಿ, ಎಂದಿನಂತೆ ಮಲಗಿ, ಉರಿ ಬಂದಾಗ ಪೆಟ್ಟಿಗೆಯ ಗುಂಡಿ ಒತ್ತಿ. ವರದಿಯಲ್ಲಿ ಆಸಿಡ್ ಇದ್ದ ಸಮಯ ದಿನದ 6 ಶೇಕಡಾ ಮೀರಿದ್ದರೆ ರಿಫ್ಲಕ್ಸ್ ಖಚಿತ. 4ಕ್ಕಿಂತ ಕಡಿಮೆಯಿದ್ದರೆ ಉರಿಗೆ ಬೇರೆ ಕಾರಣ ಹುಡುಕಬೇಕು.

ದುಡ್ಡಿನ ಮಾತು

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ 30 ಶೇಕಡಾ, ವರ್ಷಕ್ಕೆ 1.5 ಲಕ್ಷ ಮೀರದಂತೆ ನೆರವಿದೆ. ತುರ್ತಲ್ಲದ ಆಪರೇಷನ್ ಆದ್ದರಿಂದ ಖಾಸಗಿ ಆಸ್ಪತ್ರೆಗೆ ಹೋಗುವ ಮುಂಚೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕಾಗುತ್ತದೆ. ಡೇರಿಗೆ ಹಾಲು ಹಾಕುವವರು, ಸಹಕಾರ ಸಂಘದ ಸದಸ್ಯರು ಯಶಸ್ವಿನಿ ಕಾರ್ಡನ್ನೂ ತೋರಿಸಿ ಕೇಳಬಹುದು. ಯಾವ ಯೋಜನೆಯಾದರೂ ‘ಆಪರೇಷನ್‌ಗೆ ಸಿಗುತ್ತದೆಯೇ’ ಎಂದು ಕೇಳಿದರೆ ಸಾಲದು, ‘ಉಂಗುರದ ಬೆಲೆಯೂ ಇದರಲ್ಲೇ ಸೇರಿದೆಯೇ’ ಎಂದು ಬರವಣಿಗೆಯಲ್ಲಿ ಕೇಳಿ. ಬಿಲ್ಲಿನಲ್ಲಿ ದೊಡ್ಡ ಗಂಟು ಅದೇ. ಖಾಸಗಿ ವಿಮೆಯವರಿಗೂ ಇದೇ ಪ್ರಶ್ನೆ.

ಆಪರೇಷನ್ ದಿನ

ಗಟ್ಟಿ ಆಹಾರ 6 ಗಂಟೆ ಮುಂಚೆ, ನೀರು 2 ಗಂಟೆ ಮುಂಚೆ ನಿಲ್ಲುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆಗಳ ಪಟ್ಟಿಯನ್ನು ಅರಿವಳಿಕೆ ವೈದ್ಯರಿಗೆ ಹಿಂದಿನ ವಾರವೇ ಕೊಡಿ. ಪೂರ್ತಿ ಅರಿವಳಿಕೆ ಕೊಟ್ಟು, ಹೊಟ್ಟೆಯ ಮೇಲೆ ನಾಲ್ಕೈದು ಸಣ್ಣ ತೂತು ಮಾಡಿ, ಇಂಗಾಲದ ಡೈಆಕ್ಸೈಡ್ ತುಂಬಿ ಹೊಟ್ಟೆಯನ್ನು ಉಬ್ಬಿಸುತ್ತಾರೆ. ಹರ್ನಿಯಾ ಇದ್ದರೆ ಹೊಟ್ಟೆಯನ್ನು ಕೆಳಗೆಳೆದು ವಪೆಯ ಕಿಂಡಿಯನ್ನು ಹೊಲಿಗೆ ಹಾಕಿ ಕಿರಿದು ಮಾಡುತ್ತಾರೆ. ಆಮೇಲೆ ಅನ್ನನಾಳದ ಹಿಂದೆ, ಅಲ್ಲಿ ಇಳಿಯುವ ವೇಗಸ್ ನರವನ್ನು ಉಂಗುರದ ಹೊರಗಿಟ್ಟು, ದಾರಿ ಮಾಡುತ್ತಾರೆ. ಸುತ್ತಳತೆ ನೋಡುವ ಸಾಧನದಿಂದ ಅಳೆದು ಎಷ್ಟು ಮಣಿಯ ಉಂಗುರ ಎಂದು ಆರಿಸುತ್ತಾರೆ. ಅಳತೆ ಚಿಕ್ಕದಾದರೆ ನುಂಗಲು ತೊಂದರೆ, ಸರಿಯಾದ ಅಳತೆಯ ಉಂಗುರ ಒತ್ತದೆ ಮುಟ್ಟಿಕೊಂಡಿರುತ್ತದೆ. ಹರ್ನಿಯಾ ಸಣ್ಣದಾದರೆ ಸುಮಾರು ಒಂದು ಗಂಟೆಯ ಕೆಲಸ.

ಎಚ್ಚರವಾದ ಮೇಲೆ ಹೊಟ್ಟೆಗಿಂತ ಭುಜ ಹೆಚ್ಚು ನೋಯುತ್ತದೆ. ಉಳಿದ ಗಾಳಿ ವಪೆಯನ್ನು ಕೆಣಕುವುದರಿಂದ ಬರುವ ನೋವು ಅದು, ಎರಡು ಮೂರು ದಿನದಲ್ಲಿ ತಾನೇ ಹೋಗುತ್ತದೆ. ಎದ್ದು ಓಡಾಡಿದರೆ ಬೇಗ ಹೋಗುತ್ತದೆ. ವಾಕರಿಕೆ ಬಂದರೆ ತಡೆದುಕೊಳ್ಳದೆ ತಕ್ಷಣ ನರ್ಸಿಗೆ ಹೇಳಿ. ಜೋರಾದ ವಾಂತಿ ಹರ್ನಿಯಾದ ಹೊಸ ಹೊಲಿಗೆಯನ್ನು ಕೀಳಬಲ್ಲದು. ಅದೇ ದಿನವೋ ಮರುದಿನವೋ ಮನೆಗೆ ಕಳಿಸುತ್ತಾರೆ. ಬೆಂಗಳೂರಿನಿಂದ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಮೂರೂ ಅರವತ್ತು ಎಪ್ಪತ್ತು ಕಿಲೋಮೀಟರ್. ಬಸ್ಸಿಗಿಂತ ಕಾರು ಮೇಲು, ಸೀಟ್ ಬೆಲ್ಟ್ ಮತ್ತು ಹೊಟ್ಟೆಯ ನಡುವೆ ಸಣ್ಣ ದಿಂಬು ಇರಲಿ. ದಾರಿಯಲ್ಲಿ ತಿನ್ನಲು ಡಬ್ಬಿಯಲ್ಲಿ ಮೊಸರನ್ನ ಇರಲೇಬೇಕು. ಯಾಕೆ ಎಂಬುದು ಮುಂದಿದೆ.

ಗಂಟೆಗೊಮ್ಮೆ ಗಟ್ಟಿ ತುತ್ತು

ಬೇರೆ ಆಪರೇಷನ್ ಆದವರಿಗೆ ಗಂಜಿ, ಎಳನೀರು ಕೊಟ್ಟು ಹೊಟ್ಟೆಗೆ ವಿಶ್ರಾಂತಿ ಕೊಡುತ್ತೇವೆ. ಉಂಗುರ ಹಾಕಿಸಿಕೊಂಡವರಿಗೆ ಅದೇ ಉಪಚಾರ ಕೆಡುಕು ಮಾಡುತ್ತದೆ. ದೇಹ ಯಾವುದೇ ಹೊರಗಿನ ವಸ್ತುವಿನ ಸುತ್ತ ಗಾಯದ ಪದರ ಕಟ್ಟುತ್ತದೆ. ಆ ಪದರ ಕಟ್ಟುವ ವಾರಗಳಲ್ಲಿ ಉಂಗುರ ತೆರೆಯುತ್ತ ಮುಚ್ಚುತ್ತ ಇದ್ದರೆ ಪದರವೂ ಸಡಿಲವಾಗಿ ಕೂರುತ್ತದೆ. ಉಂಗುರ ಮುಚ್ಚಿಕೊಂಡೇ ಇದ್ದರೆ ಪದರ ಬಿಗಿಯಾಗಿ ಕಟ್ಟಿ, ಆಮೇಲೆ ನುಂಗಿದ್ದು ಇಳಿಯುವುದಿಲ್ಲ. ನೀರು, ಗಂಜಿ, ಅಂಬಲಿ ಸಂದಿಯಲ್ಲೇ ಜಾರಿಹೋಗುತ್ತವೆ, ಉಂಗುರವನ್ನು ಬೇಕಾದಷ್ಟು ಹಿಗ್ಗಿಸುವುದಿಲ್ಲ. ಆದ್ದರಿಂದ ಮೊದಲ ದಿನದಿಂದಲೇ ಮೆತ್ತಗಿನ ಗಟ್ಟಿ ಆಹಾರ ಬೇಕು.

ಎದ್ದಿರುವಷ್ಟೂ ಹೊತ್ತು ಗಂಟೆಗೊಮ್ಮೆ, ತಪ್ಪಿದರೆ ಎರಡು ಗಂಟೆಗೊಮ್ಮೆ, ಮೂರರಿಂದ ಐದು ಚಮಚ. ಮಲಗಿದಾಗ ಬೇಕಿಲ್ಲ. ಮೊದಲ ತಿಂಗಳು ಮೊಬೈಲಿನಲ್ಲಿ ಅಲಾರಂ ಇಟ್ಟುಕೊಳ್ಳಿ. ಮೊಸರನ್ನ, ಮೆತ್ತನೆಯ ಪೊಂಗಲ್, ಸಾಂಬಾರಿನಲ್ಲಿ ನೆನೆದ ತಟ್ಟೆ ಇಡ್ಲಿಯ ತುಂಡು, ಬೇಳೆ ಹಾಕಿ ಹಿಸುಕಿದ ಅನ್ನ, ಬೇಯಿಸಿದ ಮೊಟ್ಟೆ, ಹಿತಕಿದ ಅವರೆಬೇಳೆಯ ಸಾರು ಕಲಸಿದ ಅನ್ನ, ಏಲಕ್ಕಿ ಬಾಳೆಹಣ್ಣು ಇವೆಲ್ಲ ನಡೆಯುತ್ತವೆ. ತೋಟಕ್ಕೆ, ಅಂಗಡಿಗೆ, ಸ್ಕೂಲಿಗೆ ಹೋಗುವವರು ಡಬ್ಬಿ ಜೊತೆಗಿಟ್ಟುಕೊಂಡೇ ಹೊರಡಬೇಕು. ಎಲೆ ಅಡಿಕೆ ಹಾಕಿಕೊಂಡದ್ದು ಊಟದ ಲೆಕ್ಕಕ್ಕೆ ಬರುವುದಿಲ್ಲ.

ಸಕ್ಕರೆ ಕಾಯಿಲೆ ಇದ್ದವರು ಇಲ್ಲಿ ಎಡವುತ್ತಾರೆ: ಮೂರು ಹೊತ್ತಿನ ಊಟವೂ ಆಗಿ, ಗಂಟೆಗೊಮ್ಮೆಯ ತುತ್ತೂ ಆಗಿ ಸಕ್ಕರೆ ಏರುತ್ತದೆ. ದಿನದ ಊಟದ ಅಳತೆ ಅಷ್ಟೇ ಇರಲಿ, ಅದನ್ನೇ ಹತ್ತು ಹನ್ನೆರಡು ಪಾಲು ಮಾಡಿ. ಇನ್ಸುಲಿನ್ ಹಾಕಿಕೊಳ್ಳುವವರು ಹೊತ್ತು, ಅಳತೆ ಎರಡನ್ನೂ ಮೊದಲೇ ವೈದ್ಯರ ಜೊತೆ ಮಾತಾಡಿಕೊಳ್ಳಬೇಕು. ಶನಿವಾರದ ಒಪ್ಪತ್ತು, ಏಕಾದಶಿ, ರಂಜಾನಿನ ಉಪವಾಸ ಮೊದಲ ಮೂರು ತಿಂಗಳು ಬೇಡ. ಆಪರೇಷನ್ ದಿನ ಗೊತ್ತು ಮಾಡುವಾಗಲೇ ಹಬ್ಬ ನೋಡಿಕೊಂಡರೆ ಮನೆಯಲ್ಲಿ ಜಗಳವಿಲ್ಲ.

ಇನ್ನು ಮುದ್ದೆ. ಅದು ಅಂಟು, ಒತ್ತಾದ ಉಂಡೆ, ಬಾಯಲ್ಲಿ ಪುಡಿಯಾಗದೆ ಇಡಿಯಾಗಿ ಇಳಿಯುತ್ತದೆ. ಹೊಸ ಉಂಗುರಕ್ಕೆ ಇದಕ್ಕಿಂತ ಕಷ್ಟದ ತುತ್ತು ಕಡಿಮೆ. ಮೆತ್ತನೆಯ ಅನ್ನ, ಇಡ್ಲಿ ಒಂದು ವಾರ ಎಲ್ಲೂ ತಡೆಯದೆ ಇಳಿಯುತ್ತಿವೆ ಎಂದಾದ ಮೇಲೆ ಮುದ್ದೆಗೆ ಕೈ ಹಾಕಿ, ಅಲ್ಲಿಯ ತನಕ ಬೇಡ. ಎಂದಿಗಿಂತ ನೀರು ಹೆಚ್ಚು ಹಿಡಿಸಿ ಮೆತ್ತಗೆ ತಿರುವಿ, ನುಚ್ಚೋ ಅನ್ನವೋ ಸೇರಿಸಿದ್ದರೆ ಇನ್ನೂ ಒಳ್ಳೆಯದು. ಅವರೆಕಾಳಿನಷ್ಟು ಚಿವುಟಿ, ಬಸ್ಸಾರಿನಲ್ಲೋ ಉಪ್ಸಾರಿನಲ್ಲೋ ಪೂರ್ತಿ ಮುಳುಗಿಸಿ, ಅಗಿದು ನುಂಗಿ. ಮುದ್ದೆ ಅಗಿದರೆ ಹಲ್ಲಿಗೆ ಮೆತ್ತುತ್ತದೆ, ಪಂಕ್ತಿಯಲ್ಲಿ ಕೂತವರು ನಗುತ್ತಾರೆ. ನಗಲಿ. ಆರಿ ಗಟ್ಟಿಯಾದ ಮುದ್ದೆಯನ್ನು ಮಾತ್ರ ಮುಟ್ಟಬೇಡಿ.

ತುತ್ತಿನ ನಡುವಿನ ಬಿಡುವು ತುತ್ತಿನ ಗಾತ್ರದಷ್ಟೇ ಮುಖ್ಯ. ಒಂದು ಸಲ ನುಂಗಿದರೆ ಅನ್ನನಾಳದಲ್ಲಿ ಏಳುವ ಅಲೆ ಕೆಳಗೆ ಮುಟ್ಟಲು ಎಂಟು ಹತ್ತು ಸೆಕೆಂಡ್ ಬೇಕು. ಅಷ್ಟರೊಳಗೆ ಮತ್ತೆ ನುಂಗಿದರೆ ಮೊದಲ ಅಲೆ ಅರ್ಧದಲ್ಲೇ ನಿಂತುಬಿಡುತ್ತದೆ. ಮುದ್ದೆ ಊಟದ ಸೊಗಸೇ ಗಬಗಬ ನುಂಗುವುದರಲ್ಲಿದೆ, ಆದರೆ ಹಾಗೆ ನುಂಗಿದಾಗ ಎರಡು ಮೂರು ತುತ್ತು ಉಂಗುರದ ಮೇಲೆ ಒಟ್ಟಾಗುತ್ತವೆ. ಇಪ್ಪತ್ತು ಸೆಕೆಂಡ್ ಬಿಟ್ಟು ಮುಂದಿನ ತುತ್ತು.

ಚಪಾತಿ, ರಾಗಿ ರೊಟ್ಟಿ, ಬ್ರೆಡ್, ನಾಟಿ ಕೋಳಿ ಮತ್ತು ಮಟನ್ ತುಂಡು, ನಾರಿನ ಮಾವಿನಹಣ್ಣು ಇವೂ ಸಿಕ್ಕಿಕೊಳ್ಳುವ ಜಾತಿಯೇ. ರೊಟ್ಟಿ ಚಪಾತಿಯನ್ನು ಸಾರಿನಲ್ಲಿ ನೆನೆಸಿ, ಮಾಂಸವನ್ನು ಕೊನೆಗೆ ಖೀಮಾ ಮಾಡಿ ಶುರು ಮಾಡಿ.

ಎರಡನೆಯ ವಾರದ ಬಿಗಿತ ಮತ್ತು ಸಿಕ್ಕಿಕೊಂಡ ತುತ್ತು

ಮೊದಲ ವಾರ ಸಲೀಸಾಗಿ ಇಳಿದದ್ದು ಎರಡು ಮೂರನೆಯ ವಾರಕ್ಕೆ ತಡೆಯತೊಡಗುತ್ತದೆ. ಆಪರೇಷನ್ ಕೆಟ್ಟಿತು ಎಂದು ಹೆದರಿ ಗಂಜಿಗೆ ಇಳಿಯುವವರು ಹೆಚ್ಚು, ಅಲ್ಲಿಂದ ಬಿಗಿತವೂ ಹೆಚ್ಚುತ್ತದೆ. ಗಾಯದ ಪದರ ಕಟ್ಟುವ ಹೊತ್ತು ಅದು. ಉಂಗುರದ ಮೊದಲ ದೊಡ್ಡ ಅಧ್ಯಯನದಲ್ಲಿ 100 ರೋಗಿಗಳಲ್ಲಿ 68 ಮಂದಿಗೆ ಆಪರೇಷನ್ ನಂತರ ನುಂಗುವ ತೊಂದರೆ ಬಂದಿತ್ತು. ಒಂದು ವರ್ಷಕ್ಕೆ ಅದು 11 ಶೇಕಡಾಕ್ಕೆ, ಮೂರು ವರ್ಷಕ್ಕೆ 4 ಶೇಕಡಾಕ್ಕೆ ಇಳಿಯಿತು.

ತುತ್ತು ನಿಂತಿತು ಅನಿಸಿದರೆ ತಿನ್ನುವುದನ್ನು ನಿಲ್ಲಿಸಿ ಎದ್ದು ನಿಲ್ಲಿ. ಅದರ ಮೇಲೆ ಗಟಗಟ ನೀರು ಸುರಿಯಬೇಡಿ. ನೀರು ಇಳಿಯದೆ ತುತ್ತಿನ ಮೇಲೆ ನಿಂತು ಎದೆ ಒಡೆಯುವಂತೆ ನೋಯುತ್ತದೆ, ನೊರೆಯ ಸಮೇತ ವಾಪಸ್ ಬರುತ್ತದೆ. ಮೆಲ್ಲಗೆ ಓಡಾಡಿ. ಹೆಚ್ಚಿನ ಸಲ ಕೆಲವು ನಿಮಿಷದಲ್ಲಿ ದಾಟುತ್ತದೆ. ದಾಟಿದ ಮೇಲೆ ಬಿಸಿನೀರಿನ ಒಂದೆರಡು ಗುಟುಕು, ಆಮೇಲೆ ಮುಂದಿನ ಗಂಟೆಯ ತುತ್ತು ಎಂದಿನಂತೆ. ಊಟಕ್ಕೆ ಮುಂಚೆಯೇ ಬಿಸಿನೀರು ಗುಟುಕರಿಸುವ ಅಭ್ಯಾಸ ಬಹಳ ಜನಕ್ಕೆ ಸಹಾಯವಾಗುತ್ತದೆ.

ಎರಡು ಗಂಟೆ ಕಳೆದರೂ ಉಗುಳು ಸಹ ಇಳಿಯದಿದ್ದರೆ ಆಸ್ಪತ್ರೆಗೆ ಹೊರಡಿ. ಜ್ವರ, ಉಸಿರಾಡಿದರೆ ಹೆಚ್ಚುವ ಎದೆನೋವು, ರಕ್ತ ವಾಂತಿ, ಟಾರಿನಂಥ ಕಪ್ಪು ಮಲ ಇದ್ದರೂ ಕಾಯಬೇಡಿ. ಎರಡು ತಿಂಗಳು ದಾಟಿಯೂ ಬಿಗಿತ ಇಳಿಯದಿದ್ದರೆ ಎಂಡೋಸ್ಕೋಪಿಯಲ್ಲಿ ಬಲೂನ್ ಹಾಕಿ ಹಿಗ್ಗಿಸುತ್ತಾರೆ. ಅದಕ್ಕೂ ಮುಂಚೆ ಹಿಗ್ಗಿಸಲು ಸರ್ಜನ್‌ಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ.

ಮಾತ್ರೆ ಮತ್ತು ಭಾರ

ಆಸಿಡ್ ಮಾತ್ರೆಯನ್ನು ಯಾವಾಗ ನಿಲ್ಲಿಸಬೇಕೆಂದು ಸರ್ಜನ್ ಹೇಳುತ್ತಾರೆ. ವರ್ಷಗಟ್ಟಲೆ ನುಂಗಿದ್ದವರು ಒಮ್ಮೆಲೇ ಬಿಟ್ಟರೆ ಕೆಲವು ವಾರ ಆಸಿಡ್ ಉಕ್ಕುತ್ತದೆ, ಅದನ್ನು ನೋಡಿ ಉಂಗುರ ಸೋತಿತು ಎಂದು ತೀರ್ಮಾನಿಸಬಾರದು. ದೊಡ್ಡ ಮಾತ್ರೆಗಳು ಸಿಕ್ಕಿಕೊಳ್ಳುತ್ತವೆ. ಪುಡಿ ಮಾಡಬಹುದೇ ಎಂದು ಔಷಧಿ ಅಂಗಡಿಯಲ್ಲಿ ಕೇಳಿ, ಯಾಕೆಂದರೆ ಪ್ಯಾಂಟೊಪ್ರಜೋಲ್‌ನಂಥ ಮೇಲುಪದರದ ಮಾತ್ರೆಯನ್ನು ಪುಡಿ ಮಾಡಿದರೆ ಕೆಲಸ ಮಾಡುವುದಿಲ್ಲ.

ಹರ್ನಿಯಾ ಹೊಲಿದಿದ್ದರೆ ನಾಲ್ಕರಿಂದ ಆರು ವಾರ 5 ಕೆ.ಜಿ. ಮೀರಿ ಎತ್ತಬಾರದು. ತುಂಬಿದ ಬಿಂದಿಗೆ, ಹಾಲಿನ ಕ್ಯಾನು, ಕೋಲಾರದ ಮಾರುಕಟ್ಟೆಯ 15 ಕೆ.ಜಿ. ಟೊಮ್ಯಾಟೊ ಬಾಕ್ಸ್, ಗೊಬ್ಬರದ ಚೀಲ ಇವೆಲ್ಲ ಅದರಾಚೆಯವೇ. ಬೈಕಿನ ಕಿಕ್ ಹೊಡೆಯುವುದು, ಬೋರಿನ ಕೈಪಂಪು ಒತ್ತುವುದು, ಮುಕ್ಕಿ ಮಲ ವಿಸರ್ಜಿಸುವುದು ಕೂಡ ಹೊಟ್ಟೆಯೊಳಗೆ ಒತ್ತಡ ಏರಿಸುತ್ತವೆ. ಮಲಬದ್ಧತೆ ಇದ್ದರೆ ಔಷಧಿ ಕೇಳಿ ತೆಗೆದುಕೊಳ್ಳಿ.

ಕಾರ್ಡು, ಎಂಆರ್‌ಐ, ಉಂಗುರ ತೆಗೆಯುವ ಪ್ರಸಂಗ

ಮನೆಗೆ ಬರುವಾಗ ಉಂಗುರದ ಮಾಡೆಲ್ ನಂಬರ್ ಇರುವ ಕಾರ್ಡನ್ನು ಕೇಳಿ ಪಡೆಯಿರಿ. ಎಕ್ಸ್‌ರೇ, ಸಿಟಿ, ಅಲ್ಟ್ರಾಸೌಂಡ್‌ಗೆ ಅಡ್ಡಿಯಿಲ್ಲ. ತೊಡಕಿರುವುದು ಎಂಆರ್‌ಐಗೆ: ಹಳೆಯ ಮಾಡೆಲ್‌ಗಳಿಗೆ 0.7 ಟೆಸ್ಲಾ (ಯಂತ್ರದ ಮ್ಯಾಗ್ನೆಟ್ ಬಲದ ಅಳತೆ), ಈಚಿನವಕ್ಕೆ 1.5 ಟೆಸ್ಲಾ ಮಿತಿ. 3 ಟೆಸ್ಲಾ ಯಂತ್ರದೊಳಗೆ ಹೋಗುವಂತಿಲ್ಲ. ಮುಂದೆ ಬೆನ್ನುಮೂಳೆ, ಮಂಡಿ, ಮೆದುಳಿನ ಎಂಆರ್‌ಐ ಪದೇ ಪದೇ ಬೇಕಾಗುವ ಕಾಯಿಲೆ ಇದ್ದವರು ಉಂಗುರಕ್ಕೆ ಒಪ್ಪುವ ಮುಂಚೆ ಇದನ್ನು ಯೋಚಿಸಬೇಕು. ಅಪಘಾತವಾಗಿ ಪ್ರಜ್ಞೆ ಇಲ್ಲದೆ ಆಸ್ಪತ್ರೆ ಸೇರಿದರೆ ನಿಮ್ಮ ಪರವಾಗಿ ಮಾತಾಡುವುದು ಆ ಕಾರ್ಡು. ಆಧಾರ್ ಜೊತೆಗೇ ಪರ್ಸಿನಲ್ಲಿರಲಿ, ಅದರ ಫೋಟೋ ಮನೆಯ ಇಬ್ಬರ ಮೊಬೈಲಿನಲ್ಲೂ ಇರಲಿ.

ಎರಡನೆಯ ವಾರ, ಎರಡನೆಯ ತಿಂಗಳು, ಆರು ತಿಂಗಳು, ವರ್ಷ ಹೀಗೆ ತೋರಿಸಿಕೊಳ್ಳುವುದು ವಾಡಿಕೆ. ಎಂಡೋಸ್ಕೋಪಿಯಲ್ಲಿ ಬ್ಯಾರೆಟ್ಸ್ (ಆಸಿಡ್‌ನಿಂದ ಅನ್ನನಾಳದ ಒಳಪದರ ಬದಲಾಗಿರುವುದು) ಎಂದು ಬರೆದಿದ್ದರೆ ಉರಿ ಪೂರ್ತಿ ನಿಂತ ಮೇಲೂ ಎಂಡೋಸ್ಕೋಪಿ ತಪಾಸಣೆ ಮುಂದುವರಿಯಬೇಕು. ವರ್ಷಗಳ ನಂತರ ಇದ್ದಕ್ಕಿದ್ದಂತೆ ಹುಳಿ ಮತ್ತೆ ಬರತೊಡಗಿದರೆ ಒಂದು ಎಕ್ಸ್‌ರೇ ತೆಗೆಸಿ. ಉಂಗುರ ಬಿಚ್ಚಿಕೊಂಡಿದ್ದರೆ ಅದರಲ್ಲಿ ಕಾಣುತ್ತದೆ, ಹರ್ನಿಯಾ ಮರುಕಳಿಸಿದ್ದರೆ ಬೇರಿಯಂನಲ್ಲಿ. ಚೆನ್ನಾಗಿ ನುಂಗುತ್ತಿದ್ದವರಿಗೆ ಹೊಸದಾಗಿ ನುಂಗಲು ನೋವಾದರೆ ಉಂಗುರ ಒಳಕ್ಕೆ ಕೊರೆದಿದೆಯೇ ಎಂದು ಎಂಡೋಸ್ಕೋಪಿಯಲ್ಲಿ ನೋಡಬೇಕು. ಇದು ಸಾವಿರದಲ್ಲಿ ಕೆಲವರಿಗಷ್ಟೇ ಆಗುವಂಥದ್ದು. ನುಂಗುವ ತೊಂದರೆ ಬಗೆಹರಿಯದೆಯೋ ಎಂಆರ್‌ಐ ಬೇಕಾಗಿಯೋ ಉಂಗುರ ತೆಗೆಸಿಕೊಳ್ಳುವವರ ಪ್ರಮಾಣ ಅದಕ್ಕಿಂತ ಹೆಚ್ಚು. ತೆಗೆಯುವುದೂ ಲ್ಯಾಪ್ರೋಸ್ಕೋಪಿಯಲ್ಲೇ, ಅಂದರೆ ಸಣ್ಣ ತೂತುಗಳ ಮೂಲಕವೇ ಆಗುತ್ತದೆ. ಅದೇ ಅರಿವಳಿಕೆಯಲ್ಲಿ ಫಂಡೊಪ್ಲಿಕೇಶನ್ ಕೂಡ ಮಾಡಿಬಿಡಬಹುದು. ಇಲ್ಲದಿದ್ದರೆ ಉಂಗುರ ಹೋದ ಮೇಲೆ ರಿಫ್ಲಕ್ಸ್ ಮತ್ತೆ ಬರಬಹುದು. ಆದ್ದರಿಂದ ತೆಗೆಸಲು ಒಪ್ಪುವ ಮೊದಲೇ ಇದನ್ನು ಸರ್ಜನ್ ಹತ್ತಿರ ಮಾತಾಡಿ, ಒಪ್ಪಿಗೆ ಪತ್ರದಲ್ಲಿ ಬರೆಸಿ.